ರೋಲ್‌ಪ್ಲೇಯಿಂಗ್ ಗೇಮ್ ಆಡುವವರು ನೋಡೋಕೆ ಹೇಗಿರುತ್ತಾರೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಚಿಕ್ಕದಾಗಿ ಡಿ ಅಂಡ್ ಡಿ) ಒಂದು ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ಮೇಜಿನ ಆಟ. ಅದನ್ನು ಆಡುವವರು ನೋಡೋಕೆ ಹೇಗಿರುತ್ತಾರೆ ಅಂತ ಕೇಳಿ. ಆ ಆಟವನ್ನು ಒಮ್ಮೆಯೂ ನೋಡದವರೂ ಥಟ್ಟನೆ ಉತ್ತರ ಕೊಡುತ್ತಾರೆ. ದಪ್ಪ ಮೈ, ಕತ್ತಿನವರೆಗೆ ಹಬ್ಬಿದ ಗಡ್ಡ, ಒಗೆಯದ ಟಿ-ಶರ್ಟ್, ಹತ್ತಿರ ಹೋದರೆ ಬೆವರಿನ ವಾಸನೆ. ಇನ್ನೊಬ್ಬರನ್ನು ಕೇಳಿ, ಬೇರೆ ಉತ್ತರ ಬರುತ್ತದೆ. ಸಣಕಲು ಹುಡುಗ, ಸೋಡಾಬುಡ್ಡಿ ಕನ್ನಡಕ, ಬಿಸಿಲು ಕಾಣದೆ ಬಿಳಿಚಿಕೊಂಡ ಮುಖ, ಮೊಡವೆ, ಬಗ್ಗಿದ ಬೆನ್ನು.

ಇಬ್ಬರಿಗೂ ತಮ್ಮ ಮಾತಿನ ಮೇಲೆ ಪೂರ್ತಿ ನಂಬಿಕೆ. ಆದರೆ ಎರಡೂ ಒಟ್ಟಿಗೆ ನಿಜವಾಗೋದು ಕಷ್ಟ ಅಲ್ವಾ? ಒಂದೇ ಆಟ ಒಬ್ಬನನ್ನು ದಪ್ಪ ಮಾಡಿ ಇನ್ನೊಬ್ಬನನ್ನು ಒಣಗಿಸಿತು ಅನ್ನುವುದಾದರೆ, ಆ ಆಟಕ್ಕೂ ಮೈಗೂ ಸಂಬಂಧ ಇಲ್ಲ ಅಂತಲೇ ಆಯಿತು. ಈ ಎರಡು ಚಿತ್ರಗಳಲ್ಲಿ ಹೊಂದುವುದು ಮೈಕಟ್ಟಲ್ಲ. ಹೊಂದುವುದು ಅವುಗಳ ಹಿಂದಿರುವ ತೀರ್ಪು: ಇವನು ಕಲ್ಪನೆಯಲ್ಲಿ ಮುಳುಗಿ ಮೈಯನ್ನು ಮರೆತವನು. ಇನ್ನೊಂದು ವಿಷಯವೂ ಹೊಂದುತ್ತದೆ. ಎರಡೂ ಚಿತ್ರದಲ್ಲಿರುವುದು ಗಂಡಸು, ಅದೂ ಬಿಳಿಯ.

ಈ ಚಿತ್ರ ಆಡುವವರನ್ನು ನೋಡಿ ಬರೆದದ್ದಲ್ಲ ಅನ್ನುವುದು ನನ್ನ ವಾದ. ಯಾರು ಕಣ್ಣಿಗೆ ಬಿದ್ದರೋ, ಯಾರನ್ನು ನೆನಪಿಟ್ಟುಕೊಳ್ಳಲಾಯಿತೋ, ಅವರಿಂದ ಹುಟ್ಟಿದ್ದು. ಹುಟ್ಟಿದ ಮೇಲೆ ಅದು ಸುಮ್ನೆ ಕೂತಿಲ್ಲ. ಮುಂದೆ ಯಾರು ಆಟಕ್ಕೆ ಬರಬೇಕು, ಯಾರು ಬಾಗಿಲಲ್ಲೇ ನಿಲ್ಲಬೇಕು ಅನ್ನುವುದನ್ನೂ ಅದು ತೀರ್ಮಾನಿಸುತ್ತಾ ಬಂದಿದೆ.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು, ಅವರೇ ಗೇಮ್ ಮಾಸ್ಟರ್. ಉಳಿದವರಿಗೆ ತಲಾ ಒಂದು ಪಾತ್ರ. ಪಾತ್ರದ ವಿವರವೆಲ್ಲ ಕ್ಯಾರೆಕ್ಟರ್ ಶೀಟ್ ಅನ್ನುವ ಹಾಳೆಯಲ್ಲಿರುತ್ತದೆ. "ಗೋಡೆ ಹತ್ತುತ್ತೇನೆ" ಅಂತ ಒಬ್ಬರು ಹೇಳುತ್ತಾರೆ. ಇಪ್ಪತ್ತು ಮುಖದ ಡೈಸ್ ಉರುಳಿಸುತ್ತಾರೆ. ಬಂದ ಸಂಖ್ಯೆಗೆ ಪಾತ್ರದ ಶಕ್ತಿಗೋ ಚುರುಕುತನಕ್ಕೋ ಸಿಗುವ ಅಂಕ ಸೇರಿಸುತ್ತಾರೆ. ಸಾಕಷ್ಟಾದರೆ ಹತ್ತಿದ ಹಾಗೆ, ಇಲ್ಲದಿದ್ದರೆ ಬಿದ್ದ ಹಾಗೆ. ಡೈಸ್ ಹಾಕಿದ ಕೈ ದಪ್ಪವೋ ತೆಳುವೋ, ಅದು ಲೆಕ್ಕಕ್ಕೇ ಬರುವುದಿಲ್ಲ. ಆಡುವವರ ಮೈ ಈ ಆಟದಲ್ಲಿ ಮುಖ್ಯವೇ ಅಲ್ಲ. ಅಂಥ ಆಟಕ್ಕೇ ಮೈಯ ಹಣೆಪಟ್ಟಿ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ.

ಡಿ ಅಂಡ್ ಡಿ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಮುದ್ರಣ ಬರೀ 1000 ಪ್ರತಿ. ಪ್ರಕಟಿಸಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಟಿಎಸ್ಆರ್ ಕಂಪನಿ. ಆಗ ಇಂಥ ಆಟದ ಪೆಟ್ಟಿಗೆಯನ್ನು ಕೊಳ್ಳುವವರು ಯಾರಿದ್ದರು? ಚಿಕ್ಕ ಚಿಕ್ಕ ಸೈನಿಕ ಬೊಂಬೆಗಳನ್ನು ಜೋಡಿಸಿ ಹಳೇ ಯುದ್ಧಗಳನ್ನು ಮೇಜಿನ ಮೇಲೆ ಮತ್ತೆ ಆಡುವ ವಾರ್‌ಗೇಮ್ ಹವ್ಯಾಸಿಗಳು. ಅವರಿಗೆ ತಮ್ಮದೇ ಕ್ಲಬ್‌ಗಳಿದ್ದವು, ತಮ್ಮದೇ ಪತ್ರಿಕೆಗಳಿದ್ದವು, 1968ರಿಂದ ಲೇಕ್ ಜಿನೀವಾದಲ್ಲೇ ಜೆನ್ ಕಾನ್ ಅನ್ನುವ ಸಮಾವೇಶವೂ ನಡೆಯುತ್ತಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಬಿಳಿಯ ಗಂಡಸರು. ಹೊಸ ಆಟ ಈ ಕ್ಲಬ್‌ಗಳ ಮೂಲಕವೇ, ಗೆಳೆಯನಿಂದ ಗೆಳೆಯನಿಗೆ ಹರಡಿತು. ಗ್ಯಾರಿ ಅಲನ್ ಫೈನ್ ಎಂಬ ಸಮಾಜಶಾಸ್ತ್ರಜ್ಞ 1970ರ ದಶಕದ ಕೊನೆಯಲ್ಲಿ ಮಿನೆಸೋಟಾದ ಇಂಥ ಗುಂಪುಗಳ ಜೊತೆ ಕೂತು, ಆಡಿ, ಅಧ್ಯಯನ ಮಾಡಿದರು. 1983ರಲ್ಲಿ ಅದು ಪುಸ್ತಕವಾಯಿತು. ಅವರು ಕಂಡದ್ದೂ ಹೆಚ್ಚಾಗಿ ಹುಡುಗರನ್ನೇ.

ಅಂದರೆ ಚಿತ್ರದಲ್ಲಿ ಒಂದು ಎಳೆ ನಿಜ ಇತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಎಳೆ 'ಬಿಳಿಯ ಗಂಡಸರು ಜಾಸ್ತಿ' ಅನ್ನುವುದು ಮಾತ್ರ. 'ದಪ್ಪ', 'ಸಣಕಲು', 'ಕೊಳಕು' ಅನ್ನುವುದು ಅಲ್ಲಿಲ್ಲ. ಗಂಡಸರು ಮಾತ್ರ ಇದ್ದರು ಅನ್ನುವುದೂ ನಿಜವಲ್ಲ. ಗೈಗ್ಯಾಕ್ಸ್ ಮೊದಲ ಕರಡು ಬರೆದು 1972ರಲ್ಲಿ ಪರೀಕ್ಷೆಗೆ ಇಳಿಸಿದಾಗ ಮೇಜಿನ ಮುಂದೆ ಕೂತವರು ಅವರ ಮಗ ಅರ್ನಿ ಮತ್ತು ಮಗಳು ಎಲಿಸ್. ಲೀ ಗೋಲ್ಡ್ ಎಂಬ ಮಹಿಳೆ 1975ರಲ್ಲಿ ಲಾಸ್ ಏಂಜಲೀಸ್‌ನಿಂದ ಆಟಗಾರರಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಆಟದ ಇತಿಹಾಸದ ಮೊದಲ ಪುಟದಲ್ಲೇ ಹೆಣ್ಣುಮಕ್ಕಳಿದ್ದಾರೆ. ಚಿತ್ರದಲ್ಲಿ ಮಾತ್ರ ಇಲ್ಲ.

ಹಾಗಾದರೆ ಮೈಯ ವಿಚಾರ ಎಲ್ಲಿಂದ ಸೇರಿಕೊಂಡಿತು? ಅಮೆರಿಕದ ಹೈಸ್ಕೂಲಿನಲ್ಲಿ ಒಂದು ಹಳೇ ವಿಂಗಡಣೆ ಇದೆ. ಫುಟ್‌ಬಾಲ್ ತಂಡದ ಗಟ್ಟಿಮುಟ್ಟಾದ ಹುಡುಗರು ಒಂದು ಕಡೆ. ಚೆಸ್, ಕಂಪ್ಯೂಟರ್, ವೈಜ್ಞಾನಿಕ ಕಥೆ ಅಂತ ತಿರುಗುವ 'ನರ್ಡ್'ಗಳು ಇನ್ನೊಂದು ಕಡೆ. ಇದರ ಕೆಳಗೆ ಒಂದು ನಂಬಿಕೆ ಕೂತಿದೆ: ತಲೆಗೆ ಜಾಸ್ತಿ ಹೋದರೆ ಮೈಗೆ ಕಡಿಮೆ ಸಿಗುತ್ತದೆ. ಇದು ಆಟದ ನಿಯಮದಲ್ಲಿ ಮಾತ್ರ ಸರಿಯಾಗಿ ಕೂರುವ ಲೆಕ್ಕ. ಕ್ಯಾರೆಕ್ಟರ್ ಶೀಟ್‌ನಲ್ಲಿ ಆರು ಗುಣಗಳಿರುತ್ತವೆ: ಶಕ್ತಿ, ಚುರುಕುತನ, ದೇಹದಾರ್ಢ್ಯ, ಬುದ್ಧಿ, ವಿವೇಕ, ಆಕರ್ಷಣೆ. 'ಪಾಯಿಂಟ್ ಬೈ' ಪದ್ಧತಿಯಲ್ಲಿ ಎಲ್ಲರಿಗೂ ಇಷ್ಟೇ ಅಂಕ ಅಂತ ಕೊಡುತ್ತಾರೆ. ಬುದ್ಧಿಗೆ ಸುರಿದರೆ ಶಕ್ತಿಗೆ ಉಳಿಯುವುದಿಲ್ಲ. ಅದಕ್ಕೇ ಆಟದ ಮಾಂತ್ರಿಕ ಸಾಮಾನ್ಯವಾಗಿ ಬಡಕಲು. ಮನುಷ್ಯರಿಗೆ ಯಾರೂ ಹೀಗೆ ಅಳೆದು ಅಂಕ ಕೊಟ್ಟಿರುವುದಿಲ್ಲ. ಬುದ್ಧಿವಂತ ಓಟಗಾರ್ತಿ ಇರುತ್ತಾರೆ, ದಡ್ಡ ಸೋಮಾರಿಯೂ ಇರುತ್ತಾನೆ. ಇನ್ನೊಂದು ಮಾತು: ಡಿ ಅಂಡ್ ಡಿಯ ಮೂಲ ನಿಯಮದಲ್ಲೂ ಹಂಚಿಕೆ ಇರಲಿಲ್ಲ. ಒಂದೊಂದು ಗುಣಕ್ಕೂ ಆರು ಮುಖದ ಮೂರು ಡೈಸ್ ಬೇರೆಬೇರೆಯಾಗಿ ಉರುಳಿಸಬೇಕಿತ್ತು. ಎಲ್ಲವೂ ಚೆನ್ನಾಗಿ ಬರಬಹುದು, ಎಲ್ಲವೂ ಹಾಳಾಗಿ ಬರಬಹುದು. ಆ ಲೆಕ್ಕವೇ ಬದುಕಿಗೆ ಹತ್ತಿರ.

ಮುಂದಿನ ಬಣ್ಣ ಬಳಿದದ್ದು ಸುದ್ದಿಮನೆಗಳು. 1979ರಲ್ಲಿ ಮಿಚಿಗನ್ ಸ್ಟೇಟ್ ಯೂನಿವರ್ಸಿಟಿಯಿಂದ 16 ವರ್ಷದ ಪ್ರತಿಭಾವಂತ ವಿದ್ಯಾರ್ಥಿಯೊಬ್ಬ ಕಾಣೆಯಾದ. ಹುಡುಕಲು ಬಂದ ಖಾಸಗಿ ಪತ್ತೇದಾರ, ಕ್ಯಾಂಪಸ್ಸಿನ ಕೆಳಗಿನ ಹಬೆ ಪೈಪಿನ ಸುರಂಗಗಳಲ್ಲಿ ಅವನು ಡಿ ಅಂಡ್ ಡಿ ಆಡಲು ಹೋಗಿ ಕಳೆದುಹೋಗಿರಬಹುದು ಎಂದರು. ಪತ್ರಿಕೆಗಳು ಅದನ್ನೇ ಹಿಡಿದುಕೊಂಡವು. ನಿಜದಲ್ಲಿ ಆ ಹುಡುಗ ಖಿನ್ನತೆ ಮತ್ತು ಓದಿನ ಒತ್ತಡದಲ್ಲಿ ನಲುಗಿದ್ದ. ಕಾಣೆಯಾದದ್ದಕ್ಕೂ ಆಟಕ್ಕೂ ಸಂಬಂಧ ಇರಲಿಲ್ಲ. ಸುಮಾರು ಒಂದು ತಿಂಗಳ ನಂತರ ಬೇರೆ ರಾಜ್ಯದಲ್ಲಿ ಸಿಕ್ಕ. ಆದರೆ ಅಷ್ಟರಲ್ಲಿ ಕಥೆ ಓಡಿಹೋಗಿತ್ತು. 1982ರಲ್ಲಿ ಆ ಸುದ್ದಿಯ ಛಾಯೆಯ ಟೀವಿ ಸಿನಿಮಾ ಬಂತು. ಆಟ ಮಕ್ಕಳನ್ನು ಸೈತಾನನ ಕಡೆ ಸೆಳೆಯುತ್ತದೆ ಅನ್ನುವ ಪ್ರಚಾರ ಜೋರಾಯಿತು. 1980ರ ದಶಕದ ಆಟಗಾರ ಹೀಗೆ ರೂಪ ಪಡೆದ: ಬಿಳಿಚಿದ, ನಿದ್ದೆಗೆಟ್ಟ, ಯಾವಾಗ ಏನಾಗುತ್ತಾನೋ ಅನ್ನಿಸುವ ಹುಡುಗ. ಒಬ್ಬ ಹುಡುಗನ ಕಾಯಿಲೆಯನ್ನು ಲಕ್ಷಾಂತರ ಜನರ ಮುಖಕ್ಕೆ ಹಚ್ಚಿದ್ದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಆ ಹುಡುಗನಿಗೂ ಅನ್ಯಾಯ, ಉಳಿದವರಿಗೂ.

1990ರ ದಶಕಕ್ಕೆ ಬನ್ನಿ. ಭಯ ಇಳಿಯಿತು, ಅದರ ಜಾಗಕ್ಕೆ ನಗೆಪಾಟಲು ಬಂತು. 1991ರಲ್ಲಿ 'ದ ಸಿಂಪ್ಸನ್ಸ್' ಕಾರ್ಟೂನಿನಲ್ಲಿ ಕಾಮಿಕ್ ಅಂಗಡಿಯವನ ಪಾತ್ರ ಕಾಣಿಸಿಕೊಂಡಿತು. ದಪ್ಪ ಹೊಟ್ಟೆ, ಜುಟ್ಟು, ಗಡ್ಡ, ಎಲ್ಲರನ್ನೂ ಕೀಳಾಗಿ ಕಾಣುವ ಮಾತು. ಸಣಕಲು ಹುಡುಗ ಹೋಗಿ ಈ ದಪ್ಪ ಗಂಡಸು ಬಂದು ಕೂತ. ಅದೇ ವರ್ಷ 'ವ್ಯಾಂಪೈರ್: ದ ಮಾಸ್ಕರೇಡ್' ಎಂಬ ಹೊಸ ರೋಲ್‌ಪ್ಲೇಯಿಂಗ್ ಗೇಮ್ ಬಂತು. ಅದು ಹೊಸ ಜನರನ್ನು ಸೆಳೆಯಿತು, ಅವರಲ್ಲಿ ಹೆಣ್ಣುಮಕ್ಕಳೂ ಜಾಸ್ತಿ. ಅವರಿಗೂ ತಕ್ಷಣ ಒಂದು ಅಚ್ಚು ಸಿದ್ಧವಾಯಿತು: ಕಪ್ಪು ಬಟ್ಟೆ, ಬಿಳಿ ಪೌಡರ್, ಕಣ್ಣಿನ ಸುತ್ತ ಕಾಡಿಗೆ. ಹತ್ತಾರು ವರ್ಷದಲ್ಲಿ ಮೂರು ಬೇರೆ ಬೇರೆ ಮೈ. ಆಡುವವರ ಮೈ ಅಷ್ಟು ಬೇಗ ಬದಲಾಗಲಿಲ್ಲ. ತೋರಿಸುವವರ ಮನಸ್ಸು ಬದಲಾಯಿತು.

ಒಮ್ಮೆ ಕೂತ ಚಿತ್ರ ಯಾಕೆ ಏಳುವುದಿಲ್ಲ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಚೆಂದದ ಪ್ರಯೋಗ ಇದೆ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಮಾಡಿದ್ದು. ಅವರು ಜನರಿಗೆ 39 ವಾಕ್ಯ ಓದಿಸಿದರು. ಪ್ರತಿ ವಾಕ್ಯದಲ್ಲೂ ಒಬ್ಬ ವ್ಯಕ್ತಿ ಮಾಡಿದ ಒಂದು ಒಳ್ಳೆಯ ಅಥವಾ ಕೆಟ್ಟ ಕೆಲಸ. 26 ವಾಕ್ಯ 'ಎ' ಗುಂಪಿನವರ ಬಗ್ಗೆ: 18 ಒಳ್ಳೆಯವು, 8 ಕೆಟ್ಟವು. 13 ವಾಕ್ಯ 'ಬಿ' ಗುಂಪಿನವರ ಬಗ್ಗೆ: 9 ಒಳ್ಳೆಯವು, 4 ಕೆಟ್ಟವು. ಲೆಕ್ಕ ಹಾಕಿ ನೋಡಿ, ಎರಡೂ ಗುಂಪಿನಲ್ಲಿ ಒಳ್ಳೆಯದು-ಕೆಟ್ಟದ್ದರ ಪ್ರಮಾಣ ಒಂದೇ. ಆದರೂ ಓದಿದವರು 'ಬಿ' ಗುಂಪೇ ಹೆಚ್ಚು ಕೆಟ್ಟದ್ದು ಅಂದುಕೊಂಡರು. ಕಾರಣ ಸರಳ. ಚಿಕ್ಕ ಗುಂಪು ಅಪರೂಪ, ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪ ಒಟ್ಟಿಗೆ ಬಂದಾಗ ಅದು ಮನಸ್ಸಿನಲ್ಲಿ ಅಚ್ಚೊತ್ತುತ್ತದೆ.

ಇದನ್ನೇ ಆಟಗಾರರಿಗೆ ಹೊಂದಿಸಿ. ಕಚೇರಿಯಲ್ಲಿ ಬೆವರು ನಾರುವವರೊಬ್ಬರು ಇದ್ದರೆ "ಲೆಕ್ಕಪತ್ರದವರೆಲ್ಲ ಹೀಗೇ" ಅಂತ ಯಾರೂ ಹೇಳುವುದಿಲ್ಲ. ಲೆಕ್ಕಪತ್ರದವರನ್ನು ನಾವು ಬೇಕಾದಷ್ಟು ಕಂಡಿರುತ್ತೇವೆ. ರೋಲ್‌ಪ್ಲೇಯಿಂಗ್ ಗೇಮ್ ಆಡುವವರನ್ನು ಕಂಡಿರುವುದು ಕಡಿಮೆ. ಹಾಗಾಗಿ ಒಬ್ಬ ಸಿಕ್ಕರೆ ಅವನೇ ಇಡೀ ಗುಂಪಾಗಿಬಿಡುತ್ತಾನೆ.

ಕಾಣುವ ಜಾಗವೂ ಮುಖ್ಯ. ಈ ಆಟ ಜಾಸ್ತಿ ನಡೆಯುವುದು ಮನೆಯೊಳಗೆ, ಗೆಳೆಯರ ನಡುವೆ. ಅಲ್ಲಿ ನರ್ಸ್ ಇರುತ್ತಾರೆ, ಮೇಷ್ಟ್ರು ಇರುತ್ತಾರೆ, ಮಕ್ಕಳನ್ನು ಮಲಗಿಸಿ ಬಂದ ತಾಯಿ ಇರುತ್ತಾರೆ. ಅವರನ್ನು ಹೊರಗಿನವರು ಆಟಗಾರರಾಗಿ ನೋಡುವುದೇ ಇಲ್ಲ. ಹೊರಗೆ ಕಾಣುವುದು ಅಂಗಡಿಯ ಮೇಜಿನಲ್ಲಿ ದಿನಗಟ್ಟಲೆ ಕೂರುವ ನಾಲ್ಕು ಜನ. ಸಮಾವೇಶದಲ್ಲಿ ವಿಚಿತ್ರ ವೇಷ ಹಾಕಿದ ಇನ್ನಷ್ಟು ಜನ. ಕ್ಯಾಮೆರಾ ಹೋಗುವುದೂ ಅವರ ಹತ್ತಿರವೇ.

ಆರಿಸಿ ತೋರಿಸುವುದು ಎಷ್ಟು ಸುಲಭ ಅನ್ನುವುದಕ್ಕೆ 2014ರ ಘಟನೆ ಒಂದಿದೆ. ಅದು ಪಕ್ಕದ ಹವ್ಯಾಸದ್ದು. 'ಮ್ಯಾಜಿಕ್: ದ ಗ್ಯಾದರಿಂಗ್' ಅನ್ನುವ ಕಾರ್ಡ್ ಆಟ. ಹೊರಗಿನವರು ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದ ಇಲ್ಲಿ ಹೇಳಬೇಕು. ಅಮೆರಿಕದ ರಿಚ್ಮಂಡ್‌ನಲ್ಲಿ ನಡೆದ ದೊಡ್ಡ ಪಂದ್ಯಕ್ಕೆ 4,300ರಷ್ಟು ಆಟಗಾರರು ಬಂದಿದ್ದರು. ಅಲ್ಲಿ ಒಬ್ಬ, ಕೂತಾಗ ಪ್ಯಾಂಟ್ ಜಾರಿ ಹಿಂಭಾಗ ಕಾಣುತ್ತಿದ್ದ ಆಟಗಾರರನ್ನು ಹುಡುಕಿದ. ಅವರ ಪಕ್ಕದಲ್ಲಿ ತಾನು ಕೈಮುಗಿದು ಧ್ಯಾನ ಮಾಡುವವನ ಹಾಗೆ ಕೂತು ಫೋಟೊ ತೆಗೆಸಿಕೊಂಡ. ಕೆಲವೇ ಕೆಲವು ಫೋಟೊ. ಅವು ಜಗತ್ತೆಲ್ಲ ಓಡಾಡಿದವು. ಜನ ನಕ್ಕರು. ಆಟದ ಸಂಸ್ಥೆ ಅವನಿಗೆ 18 ತಿಂಗಳು ನಿಷೇಧ ಹಾಕಿತು. ಫೋಟೊ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಆ ಕೆಲವು ಬೆನ್ನುಗಳು. ಚೌಕಟ್ಟಿಗೆ ಬಾರದ ನಾಲ್ಕು ಸಾವಿರ ಜನರನ್ನು ಯಾರೂ ನೋಡಲೇ ಇಲ್ಲ. ಮೇಜಿನ ಕಡೆ ಬಗ್ಗಿ ಕೂತ ಯಾರ ಅಂಗಿಯೂ ಮೇಲೆ ಸರಿಯಬಹುದು ಅನ್ನುವುದನ್ನು ಯೋಚಿಸಿದವರು ಇನ್ನೂ ಕಡಿಮೆ.

ವಾಸನೆಯ ಮಾತನ್ನೂ ಬಿಡುವ ಹಾಗಿಲ್ಲ. ಸಮಾವೇಶಗಳಲ್ಲಿ ಈ ಸಮಸ್ಯೆ ನಿಜಕ್ಕೂ ಇದೆ. ಜೆನ್ ಕಾನ್ ಈಗ ಇಂಡಿಯಾನಾಪೊಲಿಸ್‌ನಲ್ಲಿ ಬೇಸಿಗೆಯಲ್ಲಿ ನಾಲ್ಕು ದಿನ ನಡೆಯುತ್ತದೆ. 70,000ಕ್ಕೂ ಹೆಚ್ಚು ಜನ ಬರುತ್ತಾರೆ. ಹೋಟೆಲ್ ದುಬಾರಿ, ಹಾಗಾಗಿ ಒಂದೇ ರೂಮಿನಲ್ಲಿ ನಾಲ್ಕೈದು ಜನ, ಬಾತ್‌ರೂಮು ಒಂದೇ. ಬೆಳಗ್ಗೆ ಬೇಗ ಆಟ, ಮಧ್ಯರಾತ್ರಿವರೆಗೆ ಆಟ. ಭಾರದ ಚೀಲ ಹೊತ್ತು ಕ್ಯೂ ನಿಲ್ಲಬೇಕು. ಅದಕ್ಕೇ ಆಟಗಾರರೇ ಒಂದು ಲೆಕ್ಕ ಮಾಡಿಕೊಂಡಿದ್ದಾರೆ, 5-2-1 ಅಂತ: ದಿನಕ್ಕೆ ಕನಿಷ್ಠ 5 ಗಂಟೆ ನಿದ್ದೆ, 2 ಊಟ, 1 ಸ್ನಾನ. ಹೊಸಬರಿಗೆ ಹಳಬರು ಮೊದಲು ಹೇಳಿಕೊಡುವುದೇ ಇದನ್ನು. ಇಂಥ ಸ್ಥಿತಿಯಲ್ಲಿ ಯಾವ ಹವ್ಯಾಸದವರನ್ನು ನಾಲ್ಕು ದಿನ ಕೂಡಿಹಾಕಿದರೂ ಬೆವರಿನ ವಾಸನೆ ಬಂದೇ ಬರುತ್ತದೆ. ಸಂಗೀತ ಉತ್ಸವದ ಮೈದಾನದಲ್ಲೂ ಬರುತ್ತದೆ. ಅಲ್ಲಿ ಅದನ್ನು ಉತ್ಸವದ ಗದ್ದಲ ಅನ್ನುತ್ತಾರೆ. ಇಲ್ಲಿ ಸ್ವಭಾವ ಅನ್ನುತ್ತಾರೆ.

ಕೂತು ಆಡುವುದರಿಂದ ದಪ್ಪ ಆಗುತ್ತಾರೆ ಅನ್ನುವ ವಾದ ಬೇಗ ಮುಗಿಯುತ್ತದೆ. ವಾರಕ್ಕೆ ಒಂದು ಸಲ ನಾಲ್ಕು ಗಂಟೆ ಆಡಿದರೆ ಉಳಿಯುವುದು 164 ಗಂಟೆ. ಮೈಯ ಹಣೆಬರಹ ಬರೆಯುವುದು ಆ ಗಂಟೆಗಳು. ಬ್ರಿಡ್ಜ್ ಆಡುವವರೂ ಕೂತೇ ಆಡುತ್ತಾರೆ, ಕಾದಂಬರಿ ಓದುವವರೂ ಕೂತೇ ಓದುತ್ತಾರೆ. ಅವರ ಹೊಟ್ಟೆಯ ಬಗ್ಗೆ ಯಾರೂ ಚಿತ್ರ ಬರೆಯಲಿಲ್ಲ.

ಹೆಣ್ಣುಮಕ್ಕಳ ವಿಚಾರಕ್ಕೆ ಬಂದರೆ, ಅಚ್ಚು ಬರೀ ಹೊರಗಿನಿಂದ ಬಂದದ್ದಲ್ಲ. ಅದು ನಿಯಮದ ಪುಸ್ತಕದಲ್ಲೇ ಇತ್ತು. 1978ರ ಡಿ ಅಂಡ್ ಡಿ ಆಟಗಾರರ ಕೈಪಿಡಿಯಲ್ಲಿ ಶಕ್ತಿಯ ಮೇಲ್ಮಿತಿ ಗಂಡು-ಹೆಣ್ಣಿಗೆ ಬೇರೆ ಬೇರೆ. ಯೋಧ ಪಾತ್ರದ ಶಕ್ತಿಗೆ ಮೂರು ಡೈಸ್‌ನ ಗರಿಷ್ಠ 18 ಬಂದರೆ ಅದರ ಮೇಲೆ ಇನ್ನೊಂದು ಶೇಕಡಾವಾರು ಅಂಕ ಸಿಗುತ್ತಿತ್ತು. ಮನುಷ್ಯ ಗಂಡಿಗೆ ಅದು 100ರವರೆಗೆ ಹೋಗಬಹುದು. ಮನುಷ್ಯ ಹೆಣ್ಣು 50ಕ್ಕೆ ನಿಲ್ಲಬೇಕು. ಬೆಂಕಿ ಉಗುಳುವ ಡ್ರ್ಯಾಗನ್ ಇರುವ ಲೋಕದಲ್ಲಿ, ಒಬ್ಬ ಹುಡುಗಿ ತನ್ನ ಕಲ್ಪನೆಯ ಯೋಧೆಗೂ ಈ ಗೆರೆ ದಾಟುವಂತಿರಲಿಲ್ಲ. 1989ರ ಎರಡನೇ ಆವೃತ್ತಿಯಲ್ಲಿ ಈ ಮಿತಿಯನ್ನು ತೆಗೆದರು. ನಿಯಮ ಹೋದರೂ ಮೇಜಿನ ಸುತ್ತಲ ನೋಟ ಅಷ್ಟು ಬೇಗ ಹೋಗಲಿಲ್ಲ. ಹುಡುಗಿ ಬಂದು ಕೂತರೆ "ಯಾರ ಜೊತೆ ಬಂದೆ?" ಅನ್ನುವ ಪ್ರಶ್ನೆ. ನೋಡೋಕೆ ಚೆನ್ನಾಗಿದ್ದರೆ "ಇವಳು ನಿಜವಾದ ಆಟಗಾರ್ತಿ ಅಲ್ಲ" ಅನ್ನುವ ಅನುಮಾನ. ಆಟಗಾರರ ಅಚ್ಚಿಗೆ ಅವಳ ಮೈ ಹೊಂದಲಿಲ್ಲ ಅಷ್ಟೆ. ಅದಕ್ಕೆ ಅವಳು ನಿಯಮ ಎಲ್ಲ ಬಾಯಿಪಾಠ ಒಪ್ಪಿಸಿ ತೋರಿಸಬೇಕು. ಹೊರಗಿನವರು ಬರೆದ ಚಿತ್ರವನ್ನು ಒಳಗಿನವರೇ ಹಿಡಿದು ಕಾವಲು ಕಾಯುವುದು ಅಂದರೆ ಇದೇ.

ಆದರೂ ಬದಲಾಯಿತು. ಆಟವನ್ನು ಈಗ ಪ್ರಕಟಿಸುವ ವಿಜರ್ಡ್ಸ್ ಆಫ್ ದ ಕೋಸ್ಟ್ 1999ರ ಹೊತ್ತಿಗೆ ಮಾಡಿಸಿದ ಸಮೀಕ್ಷೆಯಲ್ಲಿ ಹೆಣ್ಣುಮಕ್ಕಳು ಐದರಲ್ಲಿ ಒಬ್ಬರ ಆಸುಪಾಸು. 2020ರ ಹೊತ್ತಿಗೆ ಅದೇ ಕಂಪನಿ ಕೊಟ್ಟ ಲೆಕ್ಕ ಶೇಕಡಾ 40ರ ಹತ್ತಿರ. ನಡುವೆ ಎರಡು ದೊಡ್ಡ ವಿಷಯ ನಡೆದವು. 2014ರಲ್ಲಿ ಐದನೇ ಆವೃತ್ತಿ ಬಂದು ನಿಯಮಗಳು ಹಗುರವಾದವು. 2015ರಲ್ಲಿ 'ಕ್ರಿಟಿಕಲ್ ರೋಲ್' ಶುರುವಾಯಿತು. ಕಂಠದಾನ ಕಲಾವಿದರ ಗುಂಪೊಂದು ತಾವು ಆಡುವುದನ್ನೇ ಗಂಟೆಗಟ್ಟಲೆ ನೇರಪ್ರಸಾರ ಮಾಡಿದ ಕಾರ್ಯಕ್ರಮ. ಆಡುವವರ ಮುಖವನ್ನು ಹೊರಗಿನ ಲೋಕ ಹೀಗೆ ವಾರವಾರ ನೋಡಿತು. ಅಲ್ಲಿ ಹೆಂಗಸರು ನಗುತ್ತಿದ್ದರು, ಗಂಡಸರು ಅಳುತ್ತಿದ್ದರು, ಎಲ್ಲರೂ ಮೈಮರೆತು ಆಡುತ್ತಿದ್ದರು.

ಈಗ ಅಚ್ಚಿಗೆ ಉತ್ತರ ಕೊಡಲು ಜನ ಇನ್ನೊಂದು ದಾರಿ ಹಿಡಿದಿದ್ದಾರೆ. "ವಿನ್ ಡೀಸೆಲ್ ಡಿ ಅಂಡ್ ಡಿ ಆಡುತ್ತಾನೆ ಗೊತ್ತಾ? ಜೋ ಮ್ಯಾಂಗನಿಯೆಲ್ಲೊ ಆಡುತ್ತಾನೆ, ಅವನ ತೋಳು ನೋಡಿದ್ದೀರಾ?" ಈ ಇಬ್ಬರು ಗಟ್ಟಿಮುಟ್ಟಾದ ಹಾಲಿವುಡ್ ನಟರೂ ಆಡುವುದು ನಿಜ, ಇಬ್ಬರಿಗೂ ಆಟದ ಮೇಲೆ ಪ್ರೀತಿಯೂ ಇದೆ. ಆದರೆ ಈ ವಾದ ನನಗೆ ಒಪ್ಪಿಗೆ ಇಲ್ಲ. "ನಮ್ಮಲ್ಲಿ ಸುಂದರರೂ ಇದ್ದಾರೆ" ಅಂದಾಗ, ದಪ್ಪಗಿರುವವರು ಇರುವುದು ನಾಚಿಕೆಯ ವಿಷಯ ಅಂತ ನಾವೇ ಒಪ್ಪಿಕೊಂಡ ಹಾಗೆ. ದಪ್ಪ ಮೈಯ, ಗಡ್ಡ ಬಿಟ್ಟ, ಕನ್ನಡಕದ ಆಟಗಾರ ಕೂಡ ಈ ಮೇಜಿಗೆ ಸೇರಿದವನೇ. ಆಟ ಮರ್ಯಾದೆ ಪಡೆಯಲು ಅವನನ್ನು ಹಿಂದಿನ ಸಾಲಿಗೆ ತಳ್ಳಬೇಕಾಗಿಲ್ಲ.

ಅಚ್ಚು ಮನುಷ್ಯರನ್ನು ಹೇಗೆ ತಿದ್ದುತ್ತದೆ ಅನ್ನುವುದಕ್ಕೆ 1977ರ ಇನ್ನೊಂದು ಪ್ರಯೋಗ. ಮಾರ್ಕ್ ಸ್ನೈಡರ್ ಮತ್ತು ಜೊತೆಗಾರರು ಮಾಡಿದ್ದು. ಗಂಡಸರು ಪರಿಚಯ ಇಲ್ಲದ ಹೆಂಗಸಿನ ಜೊತೆ ಫೋನಿನಲ್ಲಿ ಮಾತಾಡಬೇಕು. ಮೊದಲು ಒಂದು ಫೋಟೊ ಕೊಡುತ್ತಿದ್ದರು. ಕೆಲವರಿಗೆ ಸುಂದರಿಯದ್ದು, ಕೆಲವರಿಗೆ ಅಷ್ಟೇನೂ ಸುಂದರಿ ಅಲ್ಲದವರದ್ದು. ಫೋಟೊ ನಿಜಕ್ಕೂ ಆ ಹೆಂಗಸಿನದ್ದಾಗಿರಲಿಲ್ಲ. ಆಮೇಲೆ ಹೆಂಗಸಿನ ಮಾತನ್ನು ಮಾತ್ರ ಬೇರೆಯವರಿಗೆ ಕೇಳಿಸಿದರು. ಸುಂದರಿ ಅಂದುಕೊಂಡು ಮಾತಾಡಿಸಿದ ಹೆಂಗಸರು ನಿಜಕ್ಕೂ ಹೆಚ್ಚು ಸ್ನೇಹದಿಂದ, ಉಲ್ಲಾಸದಿಂದ ಮಾತಾಡಿದ್ದರು. ಎದುರಿನವರ ಮನಸ್ಸಿನಲ್ಲಿದ್ದ ಮೈ, ಇವರ ನಡತೆಯಾಗಿ ಹೊರಬಂತು. ಅಂಗಡಿಗೆ ಹೊಸದಾಗಿ ಬಂದ ದಪ್ಪ ಹುಡುಗನನ್ನು ಮೂಗು ಮುಚ್ಚಿಕೊಂಡು ಸ್ವಾಗತಿಸಿದರೆ ಅವನು ಮುದುಡಿ, ಕಡಿಮೆ ಮಾತಾಡಿ, ಮೂಲೆಗೆ ಸರಿಯುವುದು ಸಹಜ. ಆಮೇಲೆ "ನೋಡಿ, ಇವರಿಗೆ ಬೆರೆಯೋಕೆ ಬರಲ್ಲ" ಅನ್ನುತ್ತಾರೆ.

ಕಥೆಯೊಳಗಿನ ಮೈಗೂ ಇದೇ ಕಾವಲು ಇದೆ ಅನ್ನುವುದು 2020ರಲ್ಲಿ ಚೆನ್ನಾಗಿ ಕಾಣಿಸಿತು. ಸಾರಾ ಥಾಂಪ್ಸನ್ ಎಂಬ ವಿನ್ಯಾಸಕರು ಡಿ ಅಂಡ್ ಡಿಗೆ 'ಕಾಂಬ್ಯಾಟ್ ವೀಲ್‌ಚೇರ್' ಅನ್ನುವ ನಿಯಮಗಳನ್ನು ಬರೆದು ಉಚಿತವಾಗಿ ಹಂಚಿದರು. ಗಾಲಿಕುರ್ಚಿಯಲ್ಲಿರುವ ವೀರ ಯುದ್ಧಕ್ಕೆ ಹೇಗೆ ಇಳಿಯಬೇಕು, ಮೆಟ್ಟಿಲು ಹೇಗೆ ಏರಬೇಕು ಅನ್ನುವುದಕ್ಕೆಲ್ಲ ಅದರಲ್ಲಿ ದಾರಿ ಇತ್ತು. ಹಲವರು ಸಿಟ್ಟಾದರು. ಮಂತ್ರದಿಂದ ಗಾಯ ವಾಸಿಯಾಗುವ ಲೋಕದಲ್ಲಿ ಗಾಲಿಕುರ್ಚಿ ಯಾಕೆ, ಇದು ನೈಜವಲ್ಲ ಅಂದರು. ಅಂಗವಿಕಲ ಆಟಗಾರರ ಉತ್ತರ ನೇರವಾಗಿತ್ತು: ನಮಗೆ ವಾಸಿಯಾಗುವ ಕಥೆ ಬೇಕಿಲ್ಲ, ನಮ್ಮಂಥವರು ಡ್ರ್ಯಾಗನ್ ಹೊಡೆಯುವ ಕಥೆ ಬೇಕು. ಬೇರೆಯವರ ಒಪ್ಪಿಗೆಗೆ ಅವರು ಕಾಯಲಿಲ್ಲ. ಕುರ್ಚಿಯಲ್ಲಿ ಕೂತ ಯೋಧರ ಪುಟ್ಟ ಬೊಂಬೆಗಳು ಮಾರಾಟಕ್ಕೆ ಬಂದವು. ಆ ನಿಯಮಗಳನ್ನು ಜನ ಇಳಿಸಿಕೊಂಡು, ತಮ್ಮ ಕ್ಯಾರೆಕ್ಟರ್ ಶೀಟ್‌ಗೆ ಸೇರಿಸಿ, ಮುಂದಿನ ವಾರದ ಆಟಕ್ಕೆ ಕೂತರು.